ತೂಗುವ ಗೊಂಡೋಲಾ ಗುರಿ ತಪ್ಪಿದಾಗ: ದೋಷ ಹುಡುಕುವ ಕ್ರಮ

ಬಲೂನಿನ ಕೆಳಗೆ ತೂಗುವ ಉಪಕರಣದ ಡಬ್ಬಿಯೇ ಗೊಂಡೋಲಾ. ಮೇಜಿನ ಮೇಲೆ ಇಟ್ಟಾಗ ಅದು ಹೇಳಿದ ದಿಕ್ಕಿಗೆ ತಿರುಗಿ ಅಲುಗದೆ ನಿಲ್ಲುತ್ತದೆ. ಬಲೂನಿಗೆ ಕಟ್ಟಿ ಮೇಲೆ ಬಿಟ್ಟರೆ ಸೂರ್ಯನೊಬ್ಬನನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತದೆ. ಸೊಲ್ಲಾಪುರ, ಅಕ್ಕಲಕೋಟ, ಇಂಡಿ ಕಡೆಯ ಕಾಲೇಜು ತಂಡಗಳು ತರುವ ದೂರು ಹೆಚ್ಚುಕಡಿಮೆ ಇದೇ. ಅದರ ಬೆನ್ನಿಗೇ ಬರುವ ಪ್ರಶ್ನೆಯೂ ಒಂದೇ: "ಸರ್, ಪಿಐಡಿ ನಂಬರ್ ಎಷ್ಟು ಇಡಬೇಕ್ರಿ?" ಪಿಐಡಿ ಅಂದರೆ ಗುರಿ ಎಷ್ಟು ತಪ್ಪಿದೆ ನೋಡಿ ಮೋಟಾರನ್ನು ಎಷ್ಟು ತಿರುಗಿಸಬೇಕು ಎಂದು ತೀರ್ಮಾನಿಸುವ ಲೆಕ್ಕ. ಆ ಪ್ರಶ್ನೆಗೆ ಮೊದಲ ದಿನ ನಾನು ಉತ್ತರ ಕೊಡುವುದಿಲ್ಲ. ಪಿಐಡಿ ಅಂಕಿ ಬದಲಿಸಿ ಗುಣವಾಗುವ ದೋಷ ಈ ಕೆಲಸದಲ್ಲಿ ಕಡಿಮೆ. ಬದಲಿಸಿದ್ದರಿಂದ ಮುಚ್ಚಿಹೋಗುವ ದೋಷ ಬಹಳ.

ಸೊಲ್ಲಾಪುರದ ಜನಕ್ಕೆ ವಿಜ್ಞಾನದ ಬಲೂನು ಹೊಸದಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಹೈದರಾಬಾದ್ ಬಲೂನ್ ಕೇಂದ್ರದ ಉಪಕರಣಗಳು ವಿಶಾಖಪಟ್ಟಣ–ಹೈದರಾಬಾದ್–ಸೊಲ್ಲಾಪುರ ರೇಖೆಯ ಆಚೀಚೆ ಇಳಿಯಬಹುದು, ಸಿಕ್ಕರೆ ಬಿಚ್ಚದೆ ತಿಳಿಸಿ ಎಂಬ ಪ್ರಕಟಣೆ ಹಾರಾಟದ ಹಂಗಾಮಿನಲ್ಲಿ ಪತ್ರಿಕೆಗಳಲ್ಲಿ ಬರುತ್ತದೆ. 2025ರ ಜನವರಿಯಲ್ಲಿ ಅಲ್ಲಿಯದೊಂದು ಬಲೂನು ಬೀದರ್ ಜಿಲ್ಲೆಯ ಜಲಸಂಗಿಯಲ್ಲಿ ಇಳಿದಿತ್ತು. ಅದೇ ಸಂಸ್ಥೆಯ ಒಂದು ಮೀಟರ್ ಕನ್ನಡಿಯ ಅತಿಗೆಂಪು ದೂರದರ್ಶಕ 1980ರ ದಶಕದಿಂದ ಹೈದರಾಬಾದಿನಿಂದ ಹಾರಿದೆ. ನಾನು ಬರೆಯುತ್ತಿರುವುದು ಅಷ್ಟು ದೊಡ್ಡ ಯಂತ್ರದ ಬಗ್ಗೆ ಅಲ್ಲ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಂಡವೊಂದು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡು, ಎಚ್‌ಎಂಸಿ 5883ಎಲ್ ಮ್ಯಾಗ್ನೆಟೋಮೀಟರ್ (ಭೂಮಿಯ ಅಯಸ್ಕಾಂತ ಕ್ಷೇತ್ರ ಅಳೆದು ದಿಕ್ಕು ಹೇಳುವ ಸಂವೇದಕ), ಎಂಪಿಯು 9150 ಚಲನಾ ಸಂವೇದಕ ಮತ್ತು ಒಂದು ಜಿಪಿಎಸ್ ಸೇರಿಸಿ ಎರಡು ಅಕ್ಷದ ಗುರಿ ವ್ಯವಸ್ಥೆ ಕಟ್ಟಿತು, ಹಗ್ಗ ಕಟ್ಟಿ ಏರಿಸಿದ ಬಲೂನಿನಲ್ಲಿ ಪರೀಕ್ಷಿಸಿತು. ನಮ್ಮ ಕಡೆಯ ತಂಡಗಳು ಕಟ್ಟುವುದು ಆ ಜಾತಿಯದ್ದನ್ನೇ. ಅಂಗಡಿಯಲ್ಲಿ ಸಿಗುವ ಬಿಡಿಭಾಗ, ಥರ್ಮೋಕೋಲ್ ಡಬ್ಬಿ, ಒಂದು ಕ್ಯಾಮೆರಾ, ಕೆಳಗೆ ಹಗ್ಗ.

ಅರಿವಿನ ದೋಷವೋ, ತಿರುಗುವ ದೋಷವೋ

ಗುರಿ ತಪ್ಪುವುದಕ್ಕೆ ಎರಡೇ ದಾರಿ. ಒಂದು, ತಾನು ಎತ್ತ ಮುಖ ಮಾಡಿದ್ದೇನೆ ಎಂಬುದು ಯಂತ್ರಕ್ಕೆ ಸರಿಯಾಗಿ ಗೊತ್ತಿಲ್ಲ. ಎರಡು, ಗೊತ್ತಿದೆ, ಆದರೆ ಬೇಕಾದತ್ತ ತಿರುಗಲು ಆಗುತ್ತಿಲ್ಲ. ಈ ಎರಡನ್ನು ಬೇರ್ಪಡಿಸುವ ಮೊದಲೇ ಸ್ಕ್ರೂಡ್ರೈವರ್ ಹಿಡಿದರೆ ದಿನ ಹೋಗುತ್ತದೆ, ದೋಷ ಉಳಿಯುತ್ತದೆ.

ಬೇರ್ಪಡಿಸಲು ಮೂರು ಸಂಖ್ಯೆ ಬೇಕು, ಮೂರೂ ಒಂದೇ ಗಡಿಯಾರದ ಲೆಕ್ಕದಲ್ಲಿ. ನೀವು ಕೇಳಿದ ದಿಕ್ಕು, ಸಂವೇದಕಗಳು ಹೇಳಿದ ದಿಕ್ಕು, ಮತ್ತು ನಿಜವಾದ ದಿಕ್ಕು. ಮೊದಲ ಎರಡು ಎಲ್ಲರ ಮೆಮೊರಿ ಕಾರ್ಡಿನಲ್ಲೂ ಇರುತ್ತವೆ. ಮೂರನೆಯದು ಯಾರ ಹತ್ತಿರವೂ ಇರುವುದಿಲ್ಲ. ಅದಕ್ಕೇ ಉಪಕರಣದ ಪಕ್ಕಕ್ಕೆ, ಅದೇ ಚೌಕಟ್ಟಿಗೆ ಬಿಗಿದು, ಒಂದು ಸಾದಾ ಕ್ಯಾಮೆರಾ ಇಡಿ. ಹಗಲಾದರೆ ಸೌರ ಫಿಲ್ಟರ್ ಹಾಕಿ ಸೂರ್ಯನ ಫೋಟೊ, ರಾತ್ರಿಯಾದರೆ ನಕ್ಷತ್ರಗಳ ಫೋಟೊ. ಸೂರ್ಯನ ಬಿಂಬ ಸುಮಾರು ಅರ್ಧ ಡಿಗ್ರಿ ಅಗಲ, ಆದ್ದರಿಂದ ಫೋಟೊದಲ್ಲಿ ಅಳತೆಪಟ್ಟಿ ತಾನಾಗಿಯೇ ಬಂದಿರುತ್ತದೆ. ಶುರುವಿನಲ್ಲಿ ಜಿಪಿಎಸ್ ಗಡಿಯಾರ ತೋರಿಸುವ ಪರದೆಯನ್ನೇ ಒಂದು ಫೋಟೊ ತೆಗೆದಿಟ್ಟರೆ ಕ್ಯಾಮೆರಾದ ಗಡಿಯಾರ ಎಷ್ಟು ಮುಂದೆ ಅಥವಾ ಹಿಂದೆ ಎಂಬುದೂ ಸಿಗುತ್ತದೆ.

ಈಗ ಮೂರನ್ನೂ ಎದುರುಬದುರು ಇಡಿ. ಕೇಳಿದ್ದೂ ಸಂವೇದಕ ಹೇಳಿದ್ದೂ ಹೊಂದುತ್ತಿದ್ದು ಫೋಟೊ ಮಾತ್ರ ಬೇರೆ ತೋರಿಸಿದರೆ ದೋಷ ಅರಿವಿನದು. ಆಗ ಮೋಟಾರು, ಚಕ್ರ, ಪಿಐಡಿ ಯಾವುದನ್ನೂ ಮುಟ್ಟುವ ಹಾಗಿಲ್ಲ, ಅವು ತಮ್ಮ ಕೆಲಸ ನೆಟ್ಟಗೆ ಮಾಡುತ್ತಿವೆ. ಸಂವೇದಕವೂ ಫೋಟೊವೂ ಹೊಂದಿ, ಕೇಳಿದ ದಿಕ್ಕು ಮಾತ್ರ ದೂರ ಉಳಿದರೆ ದೋಷ ತಿರುಗುವ ಭಾಗದ್ದು. ಮೂರೂ ಮೂರು ಕಡೆಗಿದ್ದರೆ ಮೊದಲು ಗಡಿಯಾರ ನೋಡಿ.

ಯಾವಾಗಲೂ ಅಷ್ಟೇ ತಪ್ಪುತ್ತದೆ

ತಪ್ಪಿನ ಪ್ರಮಾಣ ಬದಲಾಗದೆ ಇದ್ದರೆ ಅದು ಹೆಚ್ಚಾಗಿ ಲೆಕ್ಕದ ತಪ್ಪು, ಮತ್ತು ಅದರ ಅಳತೆಯೇ ಅದರ ಗುರುತು. 82.5 ಡಿಗ್ರಿ ಸುಮಾರು ತಪ್ಪಿದೆಯೇ? ಭಾರತೀಯ ಸಮಯವನ್ನು ಯುಟಿಸಿ (ವಿಶ್ವ ಪ್ರಮಾಣ ಸಮಯ) ಎಂದು ಓದಿಸಿದ್ದೀರಿ. ಐದೂವರೆ ಗಂಟೆಗೆ ಆಕಾಶ ಅಷ್ಟು ತಿರುಗುತ್ತದೆ. ಸುಮಾರು ನಾಲ್ಕೂವರೆ ಆರ್ಕ್‌ಮಿನಿಟ್ ತಪ್ಪಿದೆಯೇ? ಆರ್ಕ್‌ಮಿನಿಟ್ ಅಂದರೆ ಡಿಗ್ರಿಯ 60ನೇ ಒಂದು ಪಾಲು, ಅದರ 60ನೇ ಒಂದು ಪಾಲು ಆರ್ಕ್‌ಸೆಕೆಂಡ್. ಜಿಪಿಎಸ್‌ನ ಒಳಗಡಿಯಾರ ಯುಟಿಸಿಗಿಂತ 18 ಸೆಕೆಂಡು ಮುಂದಿದೆ, 2017ರ ಜನವರಿಯಿಂದ ಈ ಅಂತರ ಬದಲಾಗಿಲ್ಲ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ತಿರುಗುವುದರಿಂದ 18 ಸೆಕೆಂಡಿಗೆ 270 ಆರ್ಕ್‌ಸೆಕೆಂಡ್ ಆಯಿತು. ಅಗ್ಗದ ಮ್ಯಾಗ್ನೆಟೋಮೀಟರ್ ಇರುವ ಗೊಂಡೋಲಾದಲ್ಲಿ ಇದು ಕಣ್ಣಿಗೇ ಬೀಳದು, ನಕ್ಷತ್ರ ನೋಡಿ ದಿಕ್ಕು ಹೇಳುವ ಕ್ಯಾಮೆರಾ ಹಾಕಿದ ದಿನ ಎದ್ದು ಕಾಣುತ್ತದೆ.

ಇನ್ನೊಂದು ತಪ್ಪು ನಮ್ಮ ಊರಿನ ಅಂಕಿಯಲ್ಲಿ ಹೇಳಿದರೇ ತಿಳಿಯುವುದು. ಜಿಪಿಎಸ್ ಸಾಲುಗಳಲ್ಲಿ ಸ್ಥಾನ ಬರುವುದು ಡಿಗ್ರಿ ಮತ್ತು ಮಿನಿಟು ಅಂಟಿಕೊಂಡ ರೂಪದಲ್ಲಿ. ಸೊಲ್ಲಾಪುರ ಸುಮಾರು 17 ಡಿಗ್ರಿ 40 ಮಿನಿಟು ಉತ್ತರ, 75 ಡಿಗ್ರಿ 54 ಮಿನಿಟು ಪೂರ್ವ. ಅದನ್ನು 17.40, 75.54 ಎಂದು ಓದಿಸಿಬಿಟ್ಟರೆ ರೇಖಾಂಶದಲ್ಲಿ 0.36 ಡಿಗ್ರಿ, ಅಕ್ಷಾಂಶದಲ್ಲಿ 0.27 ಡಿಗ್ರಿ ಹೋಯಿತು. ಗುರಿ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಇಷ್ಟು ಸಣ್ಣ ತಪ್ಪಾದ್ದರಿಂದ ನಕಾಶೆಯಲ್ಲಿ ನೋಡಿದರೂ "ಇಲ್ಲೇ ಎಲ್ಲೋ ಅದ" ಅನಿಸಿ ದಾಟಿಹೋಗುತ್ತದೆ. ನಿಮ್ಮ ಪ್ರೋಗ್ರಾಂ ತೋರಿಸುವ ಸ್ಥಾನವನ್ನು ಫೋನಿನ ನಕಾಶೆಯಲ್ಲಿ ಹಾಕಿ, ಚುಕ್ಕೆ ನೀವು ನಿಂತ ಹೊಲದ ಮೇಲೇ ಬೀಳುತ್ತದೆಯೇ ನೋಡಿ, ಪಕ್ಕದ ತಾಲೂಕಿನಲ್ಲಿ ಅಲ್ಲ.

ಸ್ಥಾನದ ನಿಖರತೆ ಬಗ್ಗೆ ಅನವಶ್ಯಕ ತಲೆನೋವೂ ಬೇಡ. ಆಕಾಶದ ವಸ್ತುವನ್ನು ನೋಡುವುದಾದರೆ ಒಂದು ಆರ್ಕ್‌ಮಿನಿಟ್ ತಪ್ಪಲು ನೀವು ನೆಲದ ಮೇಲೆ ಸುಮಾರು 1.85 ಕಿಲೋಮೀಟರ್ ತಪ್ಪಬೇಕು, ಹತ್ತು ಮೀಟರಿನ ಜಿಪಿಎಸ್ ತಪ್ಪು ಲೆಕ್ಕಕ್ಕೇ ಬರದು. ನೆಲದ ವಸ್ತುವನ್ನು ನೋಡುವುದಾದರೆ ಮಾತು ಬೇರೆ. 30 ಕಿಲೋಮೀಟರ್ ಎತ್ತರದಿಂದ ನೇರ ಕೆಳಗೆ ನೋಡುವಾಗ ಹತ್ತು ಮೀಟರು ಅಂದರೆ ಒಂದು ಆರ್ಕ್‌ಮಿನಿಟಿಗಿಂತ ಸ್ವಲ್ಪ ಹೆಚ್ಚೇ ಆಗುತ್ತದೆ.

ತಪ್ಪು ಕಾಲಕ್ಕೆ ತಕ್ಕಂತೆ ಬೆಳೆಯುತ್ತಾ, ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿಯಂತೆ ಪಡುವಣಕ್ಕೆ ಸರಿಯುತ್ತಿದ್ದರೆ ಯಂತ್ರದಲ್ಲಿ ದೋಷವಿಲ್ಲ. ಆಕಾಶ ತಿರುಗುವುದನ್ನು ನಿಮ್ಮ ಪ್ರೋಗ್ರಾಂ ಲೆಕ್ಕಕ್ಕೆ ಹಿಡಿದಿಲ್ಲ, ಅಷ್ಟೇ. ಮತ್ತೊಂದು ಹುಸಿ ದೋಷವೂ ಇದೆ. ಮೇ ತಿಂಗಳ ಎರಡನೇ ವಾರದ ಸುಮಾರಿಗೆ, ಮತ್ತೆ ಆಗಸ್ಟ್ ಮೊದಲ ವಾರದಲ್ಲಿ, ಸೂರ್ಯ ಮಧ್ಯಾಹ್ನ ಸೊಲ್ಲಾಪುರದ ನೆತ್ತಿಯ ಮೇಲೇ ಹಾಯುತ್ತಾನೆ. ಆಗ ಸೂರ್ಯನ ದಿಗಂಶ, ಅಂದರೆ ಉತ್ತರದಿಂದ ಬಲಕ್ಕೆ ಎಷ್ಟು ಡಿಗ್ರಿ ಎಂಬ ಅಂಕಿ, ಕೆಲವೇ ನಿಮಿಷದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಜಿಗಿಯುತ್ತದೆ. ಯಾವ ಮೋಟಾರೂ ಅದರ ಹಿಂದೆ ಓಡಲಾರದು. ಮೇ ತಿಂಗಳ ಮಧ್ಯಾಹ್ನ ಹನ್ನೆರಡೂವರೆಗೆ ಸೂರ್ಯನನ್ನು ಹಿಡಿಯುವ ಪರೀಕ್ಷೆ ಇಟ್ಟುಕೊಳ್ಳಬೇಡಿ, ಬೆಳಿಗ್ಗೆ ಒಂಬತ್ತಕ್ಕೆ ಇಟ್ಟುಕೊಳ್ಳಿ. ಬಿಸಿಲಿಗೂ ಅದೇ ಒಳ್ಳೆಯದು.

ಮುಖ ತಿರುಗಿಸಿದಂತೆ ತಪ್ಪೂ ಬದಲಾಗುತ್ತದೆ

ಇದು ಮ್ಯಾಗ್ನೆಟೋಮೀಟರಿನ ರೋಗ, ನಮ್ಮ ಕಡೆ ಅತಿ ಹೆಚ್ಚು ಕಾಣುವುದೂ ಇದೇ. ಗೊಂಡೋಲಾವನ್ನು ತಿರುಗುಮಣೆಯ ಮೇಲಿಟ್ಟು 30 ಡಿಗ್ರಿಗೊಂದು ಗುರುತು ಹಾಕಿ, ಪೂರ್ತಿ ಒಂದು ಸುತ್ತು ತಿರುಗಿಸಿ. ಪ್ರತಿ ಗುರುತಿನಲ್ಲಿ ಎಷ್ಟು ತಪ್ಪು ಎಂದು ಕಾಗದದ ಮೇಲೆ ಗೆರೆ ಎಳೆಯಿರಿ. ಗೆರೆ ಒಂದು ಸುತ್ತಿಗೆ ಒಮ್ಮೆ ಏರಿ ಇಳಿದರೆ ಗೊಂಡೋಲಾದಲ್ಲೇ ಕಾಯಂ ಅಯಸ್ಕಾಂತ ಇದೆ ಎಂದರ್ಥ: ಮೋಟಾರಿನ ಒಳಗಿನದು, ಸ್ಪೀಕರಿನದು, ಅಯಸ್ಕಾಂತವಾಗಿಬಿಟ್ಟ ಕಬ್ಬಿಣದ ಬೋಲ್ಟು. ಎರಡು ಸಲ ಏರಿಳಿದರೆ ಭೂಮಿಯ ಕ್ಷೇತ್ರವನ್ನೇ ಬಾಗಿಸುವ ಮೆತ್ತನೆ ಕಬ್ಬಿಣ ಹತ್ತಿರದಲ್ಲಿದೆ. ಮೊದಲನೆಯದಕ್ಕೆ ಲೆಕ್ಕದಲ್ಲಿ ಕಳೆದರೆ ಪರಿಹಾರ ಸಿಗುತ್ತದೆ, ಎರಡನೆಯದಕ್ಕೆ ಕಬ್ಬಿಣ ತೆಗೆದು ಅಲ್ಯೂಮಿನಿಯಂ ಹಾಕುವುದೇ ಮೇಲು.

ಈ ಪರೀಕ್ಷೆ ಎಲ್ಲಿ ಮಾಡುತ್ತೀರಿ ಎಂಬುದು ಇಲ್ಲಿ ಬಲು ಮುಖ್ಯ. ಕಾಲೇಜಿನ ಮಾಳಿಗೆ ಮೇಲೆ ಮಾಡಬೇಡಿ, ಸ್ಲ್ಯಾಬಿನ ಒಳಗೆ ಕಬ್ಬಿಣದ ಸರಳಿನ ಬಲೆ ಇದೆ. ಹೊಲಕ್ಕೆ ಬಂದರೂ ನೆಲ ಪೂರ್ತಿ ಸಂಭಾವಿತವಲ್ಲ. ಸೊಲ್ಲಾಪುರ ಜಿಲ್ಲೆ ಕೂತಿರುವುದು ದಖ್ಖನ್ ಟ್ರ್ಯಾಪಿನ ಕರಿಕಲ್ಲಿನ ಮೇಲೆ. ಆ ಬಸಾಲ್ಟ್ ಲಾವಾ ಆರುವಾಗ ಅದರೊಳಗಿನ ಮ್ಯಾಗ್ನೆಟೈಟ್ ಕಣಗಳು ಆಗಿನ ಭೂಕ್ಷೇತ್ರವನ್ನು ಹಿಡಿದಿಟ್ಟುಕೊಂಡಿವೆ. ಬಂಡೆ ಮೇಲೆದ್ದ ಕಡೆ, ಬಾವಿ ತೋಡಿದ ಕಲ್ಲಿನ ಗುಡ್ಡೆಯ ಪಕ್ಕ, ದಿಕ್ಸೂಚಿ ಹೆಜ್ಜೆಗೊಂದು ದಿಕ್ಕು ತೋರಿಸುವುದುಂಟು. ಆಳವಾದ ಎರೆಮಣ್ಣಿನ ಹೊಲ ಆರಿಸಿ, ಗೊಂಡೋಲಾವನ್ನು ಆಳೆತ್ತರದ ಮರದ ಸ್ಟೂಲಿನ ಮೇಲೆ ಇಡಿ, ಕಾರು ಬೈಕು ದೂರ ನಿಲ್ಲಿಸಿ. ಸಂಶಯವಿದ್ದರೆ ಕೈಯಲ್ಲಿ ಸಾದಾ ದಿಕ್ಸೂಚಿ ಹಿಡಿದು, ದೂರದ ಒಂದೇ ಗುರುತನ್ನು ನೋಡುತ್ತಾ ಅದರತ್ತಲೇ ನೇರ ಹತ್ತು ಹೆಜ್ಜೆ ನಡೆಯಿರಿ. ಮುಳ್ಳು ಅಲುಗಿದರೆ ಜಾಗ ಬದಲಿಸಿ.

ನೆಲದ ಮೇಲೆ ತಪ್ಪು ಕಾಣದೆ, ಮೋಟಾರು ಚಾಲೂ ಆದ ಕೂಡಲೇ ತಪ್ಪು ಕಂಡರೆ ತಂತಿಯಲ್ಲಿ ಹರಿಯುವ ಕರೆಂಟನ್ನು ಹಿಡಿಯಿರಿ. ಐದು ಆಂಪಿಯರ್ ಹರಿಯುವ ಒಂಟಿ ತಂತಿ ಹತ್ತು ಸೆಂಟಿಮೀಟರ್ ದೂರದಲ್ಲಿ ಸುಮಾರು 10 ಮೈಕ್ರೋಟೆಸ್ಲಾ ಕ್ಷೇತ್ರ ಹುಟ್ಟಿಸುತ್ತದೆ. ನಮ್ಮಲ್ಲಿ ಭೂಮಿಯ ಅಡ್ಡ ಕ್ಷೇತ್ರ 40 ಮೈಕ್ರೋಟೆಸ್ಲಾ ಆಸುಪಾಸು. ಕಾಲು ಭಾಗ! ದಿಕ್ಕು 14 ಡಿಗ್ರಿವರೆಗೆ ತಿರುಗಿಬಿಡಬಹುದು. ಹೋಗುವ ತಂತಿ, ಬರುವ ತಂತಿ ಎರಡನ್ನೂ ಒಂದಕ್ಕೊಂದು ಹೊಸೆದರೆ ಕ್ಷೇತ್ರ ಬಹುಪಾಲು ರದ್ದಾಗುತ್ತದೆ. ಮ್ಯಾಗ್ನೆಟೋಮೀಟರನ್ನು ಬಿದಿರು ಅಥವಾ ಫೈಬರ್ ಕೋಲಿನ ತುದಿಗೆ, ಡಬ್ಬಿಯಿಂದ ಮೊಳ ದೂರಕ್ಕೆ ಹಾಕಿ. ಇಷ್ಟು ಮಾಡಿದರೆ ಅರ್ಧ ತಂಡಗಳ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಸಂವೇದಕ ಉತ್ತರವನ್ನೇ ಕೊಡದಿದ್ದರೆ, ಅಥವಾ ಅರ್ಥವಿಲ್ಲದ ಅಂಕಿ ಕೊಟ್ಟರೆ, ಚಿಪ್ಪಿನ ವಿಳಾಸ ಕೇಳಿ. ಜಿವೈ-271 ಎಂಬ ನೀಲಿ ಬೋರ್ಡನ್ನು ಎಚ್‌ಎಂಸಿ 5883ಎಲ್ ಎಂದೇ ಮಾರುತ್ತಾರೆ, ಆದರೆ ಎಷ್ಟೋ ಬೋರ್ಡುಗಳ ಮೇಲೆ ಕೂತಿರುವುದು ಕ್ಯೂಎಂಸಿ 5883ಎಲ್. ಮೊದಲನೆಯದು ಚಿಪ್ಪುಗಳು ಮಾತಾಡುವ ಐ-ಟು-ಸಿ ತಂತಿಯಲ್ಲಿ ಹೆಕ್ಸ್ 1ಇ ವಿಳಾಸಕ್ಕೆ ಓಗೊಡುತ್ತದೆ, ಎರಡನೆಯದು ಹೆಕ್ಸ್ 0ಡಿಗೆ. ಒಳಗಿನ ರಿಜಿಸ್ಟರುಗಳ ಜೋಡಣೆಯೂ ಬೇರೆ, ಹಾಗಾಗಿ ವಿಳಾಸ ಒಂದನ್ನೇ ಬದಲಿಸಿದರೆ ಸಾಲದು, ಚಿಪ್ಪನ್ನು ಓದುವ ಸಿದ್ಧ ಪ್ರೋಗ್ರಾಂ, ಅಂದರೆ ಲೈಬ್ರರಿಯನ್ನೇ ಬದಲಿಸಬೇಕು. ಎಂಪಿಯು 9150 ಒಳಗಿನ ಮ್ಯಾಗ್ನೆಟೋಮೀಟರ್ ಬಳಸುವವರಿಗೆ ಬೇರೆ ಬಲೆ ಇದೆ: ಅದರ ಎಕ್ಸ್ ಅಕ್ಷ ಜೈರೋದ (ತಿರುಗುವ ವೇಗ ಅಳೆಯುವ ಸಂವೇದಕದ) ವೈ ಅಕ್ಷದ ಕಡೆಗೆ, ವೈ ಅಕ್ಷ ಎಕ್ಸ್ ಕಡೆಗೆ, ಝಡ್ ತಲೆಕೆಳಗಾಗಿ ಇರುತ್ತದೆ. ಇದನ್ನು ಹೊಂದಿಸದಿದ್ದರೆ ಸಮತಟ್ಟಾಗಿ ಇಟ್ಟಾಗಲೂ ದಿಕ್ಕು ಉಲ್ಟಾ ಓಡುತ್ತದೆ.

ನಮಗೊಂದು ಪುಣ್ಯವಿದೆ. ಅಯಸ್ಕಾಂತ ಸಮಭಾಜಕ ತಮಿಳುನಾಡಿನ ದಕ್ಷಿಣದಲ್ಲೇ ಹಾಯುವುದರಿಂದ ಇಲ್ಲಿ ಭೂಕ್ಷೇತ್ರ ಹೆಚ್ಚು ಕೆಳಕ್ಕೆ ಬಾಗಿಲ್ಲ. ಗೊಂಡೋಲಾ ಒಂದು ಡಿಗ್ರಿ ವಾಲಿದರೂ ದಿಕ್ಕಿನಲ್ಲಿ ಅರ್ಧ ಡಿಗ್ರಿ ಆಸುಪಾಸೇ ತಪ್ಪು ಬರುತ್ತದೆ. ಅಂಟಾರ್ಕ್ಟಿಕಾದಲ್ಲಿ ಬಲೂನು ಹಾರಿಸುವವರಿಗೆ ಈ ಸುಖವಿಲ್ಲ. ಅಯಸ್ಕಾಂತ ಉತ್ತರಕ್ಕೂ ನಿಜ ಉತ್ತರಕ್ಕೂ ಇರುವ ವ್ಯತ್ಯಾಸವೂ ಇಲ್ಲಿ ಒಂದು ಡಿಗ್ರಿ ಆಸುಪಾಸಷ್ಟೇ. ಹತ್ತು ಡಿಗ್ರಿ ತಪ್ಪಿಗೆ ಅದನ್ನು ದೂರುವಂತಿಲ್ಲ.

ಇದ್ದಕ್ಕಿದ್ದಂತೆ ಜಿಗಿದ ತಪ್ಪು

ಹತ್ತು ನಿಮಿಷ ಸರಿಯಾಗಿದ್ದು, ಒಂದು ಎಳೆತ ಬಿದ್ದ ಮೇಲೆ ದಿಕ್ಕು ಸತತ ಜಾರತೊಡಗುತ್ತದೆ. ಇಲ್ಲಿ ಮೊದಲು ನೋಡಬೇಕಾದ್ದು ಕಂಟ್ರೋಲರ್ ಮರುಚಾಲೂ ಆಯಿತೇ ಎಂಬುದು. ಕ್ಯಾಮೆರಾ ತಿರುಗಿಸುವ ಸರ್ವೋ ಮೋಟಾರು ಒಮ್ಮೆಗೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಆರ್ಡುಯಿನೊ ಸತ್ತು ಹುಟ್ಟುತ್ತದೆ. ಹುಟ್ಟಿದ ಕೂಡಲೇ ಅದು ಮಾಡುವ ಮೊದಲ ಕೆಲಸ ಜೈರೋದ ಸೊನ್ನೆ ಗುರುತಿಸುವುದು, ತಾನು ನಿಶ್ಚಲ ಕೂತಿದ್ದೇನೆ ಎಂಬ ನಂಬಿಕೆಯಲ್ಲಿ. ಆದರೆ ಆಗ ಅದು ಗಾಳಿಯಲ್ಲಿ ತಿರುಗುತ್ತಿದೆ! ಆ ತಿರುಗುವ ವೇಗವೇ ಅದಕ್ಕೆ ಸೊನ್ನೆಯಾಗಿ ಕೂತುಬಿಡುತ್ತದೆ. ಅಲ್ಲಿಂದ ಮುಂದೆ ನಿಂತದ್ದೆಲ್ಲ ಅದಕ್ಕೆ ಓಡಿದಂತೆ, ಓಡಿದ್ದೆಲ್ಲ ನಿಂತಂತೆ.

ಲಾಗಿನಲ್ಲಿ, ಅಂದರೆ ಮೆಮೊರಿ ಕಾರ್ಡಿನ ದಾಖಲೆಯಲ್ಲಿ, ಮರುಚಾಲೂ ಎಷ್ಟು ಸಲ ಆಯಿತು ಎಂಬ ಎಣಿಕೆಯನ್ನು ಮೊದಲ ದಿನದಿಂದಲೇ ಬರೆಸಿ. ಅದಿಲ್ಲದ ಲಾಗ್ ನೋಡಿ ಯಾರೂ ಏನೂ ಹೇಳಲಾರರು. ಪರಿಹಾರ: ಸರ್ವೋಗೂ ಕಂಟ್ರೋಲರಿಗೂ ಬೇರೆ ಬೇರೆ ಬ್ಯಾಟರಿ ಸಾಲು, ಸರ್ವೋ ಪಕ್ಕ ದೊಡ್ಡ ಕೆಪ್ಯಾಸಿಟರ್, ಜೈರೋದ ಸೊನ್ನೆಯನ್ನು ನೆಲದ ಮೇಲೆ ಅಳೆದು, ಕರೆಂಟ್ ಹೋದರೂ ಅಳಿಯದ ಮೆಮೊರಿಯಾದ ಈಪ್ರಾಮ್‌ನಲ್ಲಿ ಉಳಿಸಿಡುವುದು.

ಮರುಚಾಲೂ ಆಗಿಲ್ಲ, ಆದರೂ ನಿಧಾನ ಜಾರುತ್ತಿದೆ ಅಂದರೆ ಜೈರೋ ಬಿಸಿಯಾಗುತ್ತಲೋ ತಣ್ಣಗಾಗುತ್ತಲೋ ಇದೆ. ಸೆಕೆಂಡಿಗೆ 0.05 ಡಿಗ್ರಿಯಷ್ಟು ಸಣ್ಣ ಸರಿತ ನಿಮಿಷಕ್ಕೆ ಮೂರು ಡಿಗ್ರಿ ಆಗುತ್ತದೆ. ಭೂಮಿಯ ತಿರುಗಾಟ ಸೊಲ್ಲಾಪುರದ ಲಂಬ ಅಕ್ಷದಲ್ಲಿ ಗಂಟೆಗೆ ಸುಮಾರು 4.6 ಡಿಗ್ರಿ ಮಾತ್ರ. ಅದನ್ನು ಈ ಅಗ್ಗದ ಜೈರೋ ಕಾಣುವುದೇ ಇಲ್ಲ, ಆದ್ದರಿಂದ ತಪ್ಪನ್ನು ಭೂಮಿಯ ತಲೆಗೆ ಕಟ್ಟಬೇಡಿ.

ತೂಗಾಟ

ಲೋಲಕದ ಅವಧಿ ಎಲ್ಲರೂ ಶಾಲೆಯಲ್ಲಿ ಓದಿದ್ದೇ. ಹತ್ತು ಮೀಟರ್ ಹಗ್ಗಕ್ಕೆ 6.3 ಸೆಕೆಂಡು, 25 ಮೀಟರಿಗೆ ಹತ್ತು, 60 ಮೀಟರಿಗೆ ಹದಿನೈದೂವರೆ. ಗುರಿ ಓಲಾಡುತ್ತಿದ್ದರೆ ಗಡಿಯಾರ ಹಿಡಿದು ಅದರ ಅವಧಿ ಅಳೆಯಿರಿ. ಹಗ್ಗದ ಉದ್ದಕ್ಕೆ ಹೊಂದಿದರೆ ಅದು ಲೋಲಕ. ಇನ್ನೊಂದು ಒಂದೆರಡು ಸೆಕೆಂಡಿನ ಚುರುಕು ಓಲಾಟವೂ ಅದರ ಮೇಲೆ ಕೂತಿರುತ್ತದೆ, ಅದು ಡಬ್ಬಿ ತನ್ನ ಕೊಂಡಿಯ ಸುತ್ತ ತೂಗುವುದು. ಪಿಐಡಿ ಅಂಕಿ ಬದಲಿಸಿದಾಗ ಅವಧಿಯೂ ಬದಲಾದರೆ ಮಾತ್ರ ಓಲಾಟ ನಿಮ್ಮ ನಿಯಂತ್ರಣದ್ದು. ಬದಲಾಗದಿದ್ದರೆ ಆ ಅಂಕಿಗಳಿಗೂ ಈ ಓಲಾಟಕ್ಕೂ ಸಂಬಂಧವಿಲ್ಲ. ಇನ್ನೂ ಸುಲಭದ ಪರೀಕ್ಷೆ: ಮೋಟಾರು ಪೂರ್ತಿ ಬಂದ್ ಮಾಡಿ ಏರಿಸಿ. ಆಗಲೂ ಓಲಾಡುತ್ತಿದೆಯೇ?

ಇಲ್ಲಿ ಒಂದು ಸೂಕ್ಷ್ಮ ಇದೆ, ಬಿ.ಇ. ಮುಗಿಸಿದವರೂ ಎಡವುವಂಥದ್ದು. ವಾಲಿದ್ದೆಷ್ಟು ಎಂದು ತಿಳಿಯಲು ಎಲ್ಲರೂ ಸೆಳೆತ ಅಳೆಯುವ ಆಕ್ಸಿಲರೋಮೀಟರ್ ನೋಡುತ್ತಾರೆ. ಆದರೆ ಹಗ್ಗದಲ್ಲಿ ತೂಗುವ ಡಬ್ಬಿಯೊಳಗಿನ ಆಕ್ಸಿಲರೋಮೀಟರಿಗೆ "ಕೆಳಗೆ" ಅಂದರೆ ಯಾವಾಗಲೂ ಹಗ್ಗದ ನೇರ. ಹಗ್ಗ ಐದು ಡಿಗ್ರಿ ವಾಲಿದಾಗ ಡಬ್ಬಿಯೂ ಐದು ಡಿಗ್ರಿ ವಾಲಿರುತ್ತದೆ, ಆಕ್ಸಿಲರೋಮೀಟರ್ ಮಾತ್ರ "ನೆಟ್ಟಗಿದ್ದೇನೆ" ಅನ್ನುತ್ತದೆ. ಸುಳ್ಳಲ್ಲ, ಅದು ಅಳೆಯುವುದು ಹಗ್ಗದ ಸೆಳೆತವನ್ನೇ. ಆದ್ದರಿಂದ ಲಾಗಿನಲ್ಲಿ ವಾಲಿಕೆ ಸೊನ್ನೆ, ಫೋಟೊದಲ್ಲಿ ದಿಗಂತ ಏರುಪೇರು ಆದರೆ ಆಶ್ಚರ್ಯ ಬೇಡ. ತೂಗಾಟವನ್ನು ಕಾಣುವುದು ಜೈರೋ. ಎರಡೂ ಸಂವೇದಕಗಳ ಮಾತನ್ನು ಬೆರೆಸುವ ಲೆಕ್ಕದಲ್ಲಿ (ಇದಕ್ಕೂ ಫಿಲ್ಟರ್ ಎಂದೇ ಹೆಸರು) ಒಂದು ತೂಗಾಟದ ಅವಧಿಗಿಂತ ಬಹಳ ಹೆಚ್ಚು ಹೊತ್ತು ಜೈರೋವನ್ನೇ ನಂಬುವಂತೆ, ಆಕ್ಸಿಲರೋಮೀಟರಿನ ಮಾತನ್ನು ದೀರ್ಘ ಸರಾಸರಿಯಾಗಿ ಮಾತ್ರ ಕೇಳುವಂತೆ ಇಡಿ.

ಹಗ್ಗ ಕಟ್ಟಿದ ಬಲೂನಿನ ತೂಗಾಟ ನೋಡಿ ಎದೆಗುಂದಬೇಡಿ. ಅದು ಗಾಳಿಯನ್ನು ತಡೆದು ನಿಂತಿದೆ, ಹಗ್ಗವೇ ಜಗ್ಗಾಡುತ್ತದೆ. ಬಿಟ್ಟ ಬಲೂನು ಗಾಳಿಯ ಜೊತೆಗೇ ಹೋಗುವುದರಿಂದ ಮೇಲೆ ಹೋಗಿ ನೆಲೆಗೊಂಡ ಮೇಲೆ ತೂಗಾಟ ತೀರಾ ಕಡಿಮೆ.

ತಿರುಚು, ಮತ್ತು ದಣಿಯುವ ಚಕ್ರ

ಈಗ ತಿರುಗುವ ಭಾಗಕ್ಕೆ ಬರೋಣ. ನಾಗರ ಪಂಚಮಿಯ ಜೋಕಾಲಿಯಲ್ಲಿ ಕೂತ ಹುಡುಗನನ್ನು ಗಿರಗಿರ ತಿರುವಿ ಬಿಟ್ಟರೆ ಹಗ್ಗ ಹೊಸೆದುಕೊಂಡು, ನಿಂತು, ಮತ್ತೆ ಉಲ್ಟಾ ಬಿಚ್ಚಿಕೊಳ್ಳುತ್ತದಲ್ಲ, ಬಲೂನಿನ ಕೆಳಗಿನ ಹಗ್ಗದ ಸಾಲೂ ಅದನ್ನೇ ಮಾಡುತ್ತದೆ. ಬಲೂನು ಮೇಲೆ ತಾನೇ ಮೆಲ್ಲಗೆ ತಿರುಗುತ್ತಿರುತ್ತದೆ. ಅದು ಹಗ್ಗವನ್ನು ಹೊಸೆಯುತ್ತದೆ, ಹೊಸೆದ ಹಗ್ಗ ಗೊಂಡೋಲಾವನ್ನು ಒಂದೇ ಕಡೆಗೆ ಎಳೆಯುತ್ತಲೇ ಇರುತ್ತದೆ.

ಗೊಂಡೋಲಾ ಎದುರು ತಿರುಗಲು ಬಳಸುವುದು ಪ್ರತಿಕ್ರಿಯಾ ಚಕ್ರ: ಭಾರದ ಚಕ್ರವನ್ನು ಒಂದು ಕಡೆ ವೇಗವಾಗಿ ತಿರುಗಿಸಿದರೆ ಡಬ್ಬಿ ಇನ್ನೊಂದು ಕಡೆ ತಿರುಗುತ್ತದೆ. ಹಗ್ಗ ಒಂದೇ ಕಡೆ ಎಳೆದರೆ ಚಕ್ರ ಒಂದೇ ಕಡೆ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಗಬೇಕು. ಮೋಟಾರಿನ ಗರಿಷ್ಠ ವೇಗ ಮುಟ್ಟಿದ ಕ್ಷಣ ಅದರ ಹಿಡಿತ ಮುಗಿಯಿತು. ಲಕ್ಷಣ ಬಹಳ ಸ್ಪಷ್ಟ: ಕೆಲವು ನಿಮಿಷ ಚೆನ್ನಾಗಿ ಗುರಿ ಹಿಡಿಯುತ್ತದೆ, ಆಮೇಲೆ ಒಂದೇ ದಿಕ್ಕಿಗೆ ಜಾರಿ ಸುತ್ತಲು ಶುರುಮಾಡುತ್ತದೆ, ಪ್ರತಿ ಹಾರಾಟದಲ್ಲೂ ಇದೇ. ಚಕ್ರದ ವೇಗವನ್ನು ಲಾಗಿನಲ್ಲಿ ನೋಡಿದರೆ ಮೆಟ್ಟಿಲೇರಿ ಚಪ್ಪಟೆಯಾದ ಗೆರೆ ಸಿಗುತ್ತದೆ. ದೊಡ್ಡ ಚಕ್ರ ಹಾಕುವುದು ಕಾಯಿಲೆಯನ್ನು ಮುಂದೂಡಿದಂತೆ. ಹಗ್ಗ ಸೇರುವ ಕಡೆ ಇನ್ನೊಂದು ಮೋಟಾರು ಇಟ್ಟು, ಚಕ್ರದ ವೇಗ ಹೆಚ್ಚಿದಾಗ ಆ ಮೋಟಾರು ಹಗ್ಗವನ್ನೇ ತಿರುವಿ, ಕೂಡಿದ ವೇಗವನ್ನು ಬಲೂನಿನ ಕಡೆಗೆ ದಾಟಿಸುವಂತೆ ಮಾಡಬೇಕು. ದೊಡ್ಡ ಗೊಂಡೋಲಾಗಳಲ್ಲಿ ಇದು ಇದ್ದೇ ಇರುತ್ತದೆ.

ಚಕ್ರದ ಮೋಟಾರು ಸುಡುತ್ತಿದೆ ಎಂದು ಒಂದು ತಂಡ ಪವರ್‌ಲೂಮ್ ಮೋಟಾರುಗಳ ವೈಂಡಿಂಗ್ ಮಾಡುವ ಅಂಗಡಿಗೆ ಹೋಗಿತ್ತು. "ಮಾಮಾ, ಇದರ ಕಾಯಿಲ್ ಹೋಗ್ಯದೇನ್ ನೋಡ್ರಿ" ಅಂದರೆ, ಆತ ಮೀಟರ್ ಹಿಡಿದು ನೋಡಿ ಹೇಳಿದ್ದು: "ಕಾಯಿಲ್ ಚೊಲೊ ಅದ ತಮ್ಮಾ. ಮೋಟಾರ್ ಬಿಸಿ ಆಗ್ಲಿಕತ್ತದ ಅಂದ್ರ ಅದು ಯಾವುದಕ್ಕರ ಗುದ್ದಾಡ್ಲಿಕತ್ತದ. ಆ ಗುದ್ದಾಟ ಹುಡುಕ್ರಿ." ಬಲೂನಿನ ಮುಖ ನೋಡದ ಮನುಷ್ಯ ಹೇಳಿದ ಈ ಮಾತಿಗಿಂತ ಒಳ್ಳೆಯ ನಿರ್ದೇಶನ ನನ್ನ ಹತ್ತಿರವೂ ಇಲ್ಲ. ಮೇಲಿನ ತಿರುಗುಕೊಂಡಿಯ ಬೇರಿಂಗ್ ಬಿಗಿಯಾಗಿತ್ತು.

ಚಕ್ರ ನಿಂತು ದಿಕ್ಕು ಬದಲಿಸುವಾಗಲೆಲ್ಲ ಗುರಿ ಒಮ್ಮೆ ಬೆಚ್ಚಿದರೆ ಅದು ಬೇರಿಂಗಿನ ಅಂಟು. ಚಕ್ರವನ್ನು ಸೊನ್ನೆಯ ಹತ್ತಿರ ಬಿಡದೆ, ಸದಾ ಒಂದು ನಡುವೇಗದಲ್ಲಿ ತಿರುಗುತ್ತಿರುವಂತೆ ಇಟ್ಟು ಅದರ ಮೇಲೆ ಕೆಳಗೆ ಆಡಿಸಿ. ಎತ್ತರದ ಕೋನ ತಿರುಗಿಸುವ ಸರ್ವೋದಲ್ಲಿ ಹಲ್ಲಿನ ಸಡಿಲ ಇರುತ್ತದೆ, ಕರೆಂಟ್ ಕೊಟ್ಟು ಕ್ಯಾಮೆರಾವನ್ನು ಬೆರಳಿನಿಂದ ಅಲುಗಿಸಿ ನೋಡಿದರೆ ಗೊತ್ತಾಗುತ್ತದೆ. ಕ್ಯಾಮೆರಾದ ಸಮತೋಲವನ್ನು ಬೇಕೆಂದೇ ಸ್ವಲ್ಪ ಕೆಡಿಸಿ, ಹಲ್ಲು ಯಾವಾಗಲೂ ಒಂದೇ ಬದಿಗೆ ಒರಗಿರಲಿ.

ಎತ್ತರದಲ್ಲಿ ಮಾತ್ರ ಕಾಣುವ ದೋಷಗಳು

ಬಿಟ್ಟ ಬಲೂನಿನಲ್ಲಿ ಏರುತ್ತಾ ಸುಮಾರು ನಲವತ್ತು ನಿಮಿಷಕ್ಕೆ ಜಿಪಿಎಸ್ ಸ್ಥಾನ ನಿಂತುಹೋಗಿ, ಇಳಿಯುವಾಗ ತಾನೇ ಮರಳಿದರೆ ಆಂಟೆನಾ ಬಿಚ್ಚಬೇಡಿ. ನಿಯೋ-6ಎಂ ತರಹದ ಯು-ಬ್ಲಾಕ್ಸ್ ರಿಸೀವರು ಹುಟ್ಟಿನಿಂದ "ಪೋರ್ಟಬಲ್" ಕ್ರಮದಲ್ಲಿರುತ್ತದೆ, ಅದರ ಎತ್ತರದ ಮಿತಿ 12 ಕಿಲೋಮೀಟರ್. ಸೆಕೆಂಡಿಗೆ ಐದು ಮೀಟರ್ ಏರುವ ಬಲೂನು ಅಲ್ಲಿ ಮುಟ್ಟಲು ನಲವತ್ತು ನಿಮಿಷವೇ ಬೇಕು. "ಏರ್‌ಬೋರ್ನ್" ಕ್ರಮಕ್ಕೆ ಬದಲಿಸಿದರೆ 50 ಕಿಲೋಮೀಟರ್‌ವರೆಗೆ ಕೆಲಸ ಮಾಡುತ್ತದೆ. ಆಜ್ಞೆ ಕಳಿಸಿದರೆ ಮುಗಿಯಲಿಲ್ಲ, ಒಪ್ಪಿಗೆಯ ಉತ್ತರ ಬಂದಿತೇ ನೋಡಬೇಕು, ಮತ್ತು ಕರೆಂಟ್ ಹೋಗಿ ಬಂದರೆ ಹಳೆಯ ಕ್ರಮಕ್ಕೇ ಮರಳಬಹುದಾದ್ದರಿಂದ ಪ್ರತಿ ಮರುಚಾಲೂವಿನಲ್ಲೂ ಕಳಿಸಬೇಕು. ಬೇರೆ ಕೆಲವು ರಿಸೀವರುಗಳು ರಫ್ತು ನಿಯಮದ ಕಾರಣ 18 ಕಿಲೋಮೀಟರಿಗೆ ಬಾಯಿ ಮುಚ್ಚುತ್ತವೆ, ಕೊಳ್ಳುವ ಮೊದಲೇ ಕೇಳಿ.

ನಮ್ಮ ಅಕ್ಷಾಂಶದಲ್ಲಿ 16–17 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆ ಮೈನಸ್ 80 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಇಳಿಯುತ್ತದೆ. ಸಾದಾ ಗ್ರೀಸ್ ಮೇಣವಾಗುತ್ತದೆ, ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಇನ್ನೂ ಮೇಲೆ 30 ಕಿಲೋಮೀಟರಿನಲ್ಲಿ ದೋಷ ಉಲ್ಟಾ. ಅಲ್ಲಿ ಗಾಳಿ ನೆಲದ ನೂರನೇ ಒಂದು ಪಾಲು ಮಾತ್ರ, ಬಿಸಿಯನ್ನು ಒಯ್ಯುವುದಕ್ಕೆ ಏನೂ ಇಲ್ಲ, ಮೋಟಾರ್ ಡ್ರೈವರ್ ಚಳಿಯ ನಡುವೆಯೇ ಸುಟ್ಟುಹೋಗಬಹುದು. ಅದನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಒತ್ತಿ ಕೂರಿಸಿ, ಫ್ಯಾನನ್ನು ನಂಬಬೇಡಿ. ನೆಲದಲ್ಲಿ ಪರೀಕ್ಷೆಗೆ ಡ್ರೈ ಐಸ್ ಸಾಕು, ಅದು ಮೈನಸ್ 78.5 ಡಿಗ್ರಿ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಗೊಂಡೋಲಾದ ಜೊತೆ ಇಟ್ಟು ಎರಡು ಗಂಟೆ ಚಾಲೂ ಇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಾತ್ರ ಬೇಡ, ಆವಿಯಾಗುವ ಕಾರ್ಬನ್ ಡೈಆಕ್ಸೈಡ್ ಉಸಿರು ಕಟ್ಟಿಸುತ್ತದೆ.

ನಕ್ಷತ್ರ ಕ್ಯಾಮೆರಾ ಸುಮ್ಮನಾದರೆ

ನಕ್ಷತ್ರಗಳ ವಿನ್ಯಾಸ ಗುರುತಿಸಿ ದಿಕ್ಕು ಹೇಳುವ ಕ್ಯಾಮೆರಾ ಉತ್ತರ ಕೊಡದಿದ್ದರೆ ಪ್ರೋಗ್ರಾಂ ಬಿಟ್ಟು ಕಚ್ಚಾ ಚಿತ್ರವನ್ನೇ ನೋಡಿ. ಚುಕ್ಕೆಯ ಬದಲು ಗೆರೆ ಇದ್ದರೆ ಗೊಂಡೋಲಾ ವೇಗವಾಗಿ ತಿರುಗುತ್ತಿದೆ. ಸೆಕೆಂಡಿಗೆ ಒಂದು ಡಿಗ್ರಿ ತಿರುಗುವಾಗ ಹತ್ತನೇ ಒಂದು ಸೆಕೆಂಡ್ ತೆರೆದರೂ ಆರು ಆರ್ಕ್‌ಮಿನಿಟ್ ಉದ್ದದ ಗೆರೆ ಬೀಳುತ್ತದೆ. ಮೊದಲು ಮ್ಯಾಗ್ನೆಟೋಮೀಟರ್, ಜೈರೋ ಸೇರಿ ಅದನ್ನು ನಿಲ್ಲಿಸಬೇಕು, ಆಮೇಲಷ್ಟೇ ಈ ಕ್ಯಾಮೆರಾಕ್ಕೆ ಕೆಲಸ. ಚುಕ್ಕೆ ಉಬ್ಬಿ ಬಟ್ಟಲಾಗಿದ್ದರೆ ಚಳಿಗೆ ಫೋಕಸ್ ಸರಿದಿದೆ. ಪ್ರತಿ ಚಿತ್ರದಲ್ಲೂ ಒಂದೇ ಪಿಕ್ಸೆಲಿನಲ್ಲಿ ಕೂತ "ನಕ್ಷತ್ರ" ನಕ್ಷತ್ರವಲ್ಲ, ಕೆಟ್ಟ ಪಿಕ್ಸೆಲು. ಮುಚ್ಚಳ ಹಾಕಿ ಒಂದು ಕತ್ತಲ ಚಿತ್ರ ತೆಗೆದು ಕಳೆಯಿರಿ. ಕ್ಯಾಮೆರಾ ತೀರಾ ಮೇಲಕ್ಕೆ ನೋಡಿದರೆ ಬಲೂನೇ ಅಡ್ಡ ಬರುತ್ತದೆ, ಅದಕ್ಕೆ ಮದ್ದಿಲ್ಲ.

ದೊಡ್ಡವರೂ ಇದೇ ಮೆಟ್ಟಿಲು ಹತ್ತುತ್ತಾರೆ. 2023ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನ ವನಾಕಾದಿಂದ ಏರಿ, ಸುಮಾರು 40 ದಿನ ಹಾರಿ ಅರ್ಜೆಂಟೀನಾದಲ್ಲಿ ಇಳಿದ ಸೂಪರ್‌ಬಿಟ್ ಅರ್ಧ ಮೀಟರ್ ದೂರದರ್ಶಕ ಒಂದು ಆರ್ಕ್‌ಸೆಕೆಂಡಿಗಿಂತ ಕಡಿಮೆ ಅಲುಗಾಟದಲ್ಲಿ ಚಿತ್ರ ತೆಗೆಯಿತು. ಅದು ಒಂದೇ ನಿಯಂತ್ರಣದ ಕೆಲಸವಲ್ಲ: ಹೊರಚೌಕಟ್ಟು ಒರಟಾಗಿ ನಿಲ್ಲಿಸುತ್ತದೆ, ಒಳಚೌಕಟ್ಟುಗಳು ಇನ್ನಷ್ಟು ನಯ ಮಾಡುತ್ತವೆ, ಉಳಿದ ನಡುಕವನ್ನು ಬೆಳಕಿನ ದಾರಿಯಲ್ಲಿರುವ ಸಣ್ಣ ಕನ್ನಡಿ ಅಲುಗಿ ತಿದ್ದುತ್ತದೆ. ಹೊರಗಿನ ಮೆಟ್ಟಿಲು ಕೆಟ್ಟಿದ್ದರೆ ಒಳಗಿನದು ಎಷ್ಟೇ ಚುರುಕಾಗಿದ್ದರೂ ಕೈಗೆ ಎಟುಕದು.

ಇಳಿದ ಮೇಲೆ

ಹಗ್ಗ ಕಟ್ಟಿದ್ದಾಗಲಿ ಬಿಟ್ಟದ್ದಾಗಲಿ, ವಿಮಾನಯಾನ ಅಧಿಕಾರಿಗಳ ಅನುಮತಿ ಇಲ್ಲದೆ ಏರಿಸಬೇಡಿ. ಡಬ್ಬಿಯ ನಾಲ್ಕೂ ಬದಿಗೆ ಮರಾಠಿ, ಕನ್ನಡ, ತೆಲುಗು ಮೂರರಲ್ಲೂ "ಇದು ಕಾಲೇಜಿನ ಹವಾಮಾನ ಉಪಕರಣ, ಅಪಾಯವಿಲ್ಲ, ಬಿಚ್ಚಬೇಡಿ, ಈ ನಂಬರಿಗೆ ಫೋನ್ ಮಾಡಿ" ಎಂದು ಬರೆಯಿರಿ. ಗಾಳಿ ಗಡಿ ನೋಡಿ ಬೀಸುವುದಿಲ್ಲ, ಸೊಲ್ಲಾಪುರದಲ್ಲಿ ಏರಿಸಿದ್ದು ಆಳಂದದ ತೊಗರಿ ಹೊಲದಲ್ಲಿ ಸಿಗಬಹುದು.

ಸಿಕ್ಕ ಮೇಲೆ ಮೊದಲು ಸ್ವಿಚ್ ಆಫ್ ಮಾಡುವ ಅವಸರ ಎಲ್ಲರಿಗೂ ಇರುತ್ತದೆ. ತಡೆಯಿರಿ. ಬ್ಯಾಟರಿ ಇನ್ನೂ ಜೀವಂತವಿದ್ದರೆ, ಡಬ್ಬಿ ತೆರೆಯದೆ, ಒಂದು ಸ್ಕ್ರೂ ಮುಟ್ಟದೆ, ಆ ಹೊಲದಲ್ಲೇ ಮತ್ತೊಮ್ಮೆ 30 ಡಿಗ್ರಿಗೊಂದರಂತೆ ಸುತ್ತು ತಿರುಗಿಸಿ ಲಾಗ್ ತೆಗೆಯಿರಿ. ಹಾರುವ ಮೊದಲಿನ ಗೆರೆಗೂ ಈ ಗೆರೆಗೂ ಹೊಂದಿದರೆ ಮ್ಯಾಗ್ನೆಟೋಮೀಟರನ್ನು ಸಂಶಯದ ಪಟ್ಟಿಯಿಂದ ಬಿಡಿ. ಹೊಂದದಿದ್ದರೆ ಹಾರಾಟದಲ್ಲಿ ಏನೋ ಸರಿದಿದೆ, ಅದನ್ನು ಕಣ್ಣಿನಿಂದ ಹುಡುಕುವವರೆಗೆ ಯಾವ ಲೆಕ್ಕವನ್ನೂ ತಿದ್ದಬೇಡಿ. ಅದು ಮುಗಿದ ಮೇಲೆ ಸ್ವಿಚ್ ಆಫ್, ಆಮೇಲೆ ಕಾರ್ಡು. ಪಿಐಡಿ ಅಂಕಿಗಳ ಮಾತು ಬೇಕಿದ್ದರೆ ಆ ಮೇಲೆ ಕೂತು ಆಡೋಣ.